ಪಹಣಿ, ಕಾಫಿ ದರ, ಕರೆಂಟ್ ಬಿಲ್ ಒಂದೇ ಒತ್ತಿಗೆ: ಡೆಸ್ಕ್‌ಟಾಪ್ ಮೇಲೆ ವೆಬ್‌ಸೈಟ್ ಶಾರ್ಟ್‌ಕಟ್ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ನಮ್ಮ ದೊಡ್ಡಪ್ಪನಿಗೆ ಆಲ್ದೂರಿನ ಹತ್ತಿರ ನಾಲ್ಕು ಎಕರೆ ಕಾಫಿ ತೋಟ. ಮೊಮ್ಮಗಳ ಆನ್‌ಲೈನ್ ಕ್ಲಾಸಿಗೆಂದು ತಂದಿದ್ದ ಕಂಪ್ಯೂಟರ್, ಅವಳು ಮಂಗಳೂರಿಗೆ ಓದಲು ಹೋದ ಮೇಲೆ ಅವರ ಪಾಲಿಗೆ ಬಂತು. ಪಹಣಿ ನೋಡಬೇಕಾದಾಗಲೆಲ್ಲ ಗೂಗಲ್‌ನಲ್ಲಿ ‘ಪಹಣಿ’ ಎಂದು ಹುಡುಕಿ ಮೊದಲು ಸಿಕ್ಕಿದ್ದನ್ನು ಒತ್ತುವುದು ಅವರ ರೂಢಿ. ಒಂದು ಮಧ್ಯಾಹ್ನ ಹಾಗೆ ಒತ್ತಿದಾಗ ಸರ್ಕಾರದ್ದೇ ಅನ್ನಿಸುವ ಬಣ್ಣದ ಯಾವುದೋ ಪುಟ ತೆರೆದುಕೊಂಡಿತು. ಹೆಸರು ಕೊಟ್ಟರು, ಮೊಬೈಲ್ ನಂಬರ್ ಕೊಟ್ಟರು, ಮುನ್ನೂರು ರೂಪಾಯಿ ಕಟ್ಟಿದರು. ಪಹಣಿ ಬರಲಿಲ್ಲ. ಸಂಜೆ ನನಗೆ ಫೋನ್ ಮಾಡಿ, ‘ಎಂಥದು ಮಾರಾಯ ಇದು, ದಿನಾ ಒಂದೊಂದು ಥರ ಬರ್ತದೆ?’ ಎಂದು ಕೇಳಿದರು.

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಹುಡುಕಾಟದ ಫಲಿತಾಂಶ ದಿನದಿನಕ್ಕೆ ಬದಲಾಗುತ್ತದೆ, ಮೇಲ್ಗಡೆ ಜಾಹೀರಾತುಗಳೂ ಬಂದು ಕೂರುತ್ತವೆ. ಸರ್ಕಾರಿ ತಾಣದಲ್ಲಿ ಪಹಣಿಯನ್ನು ಬರೀ ನೋಡುವುದಕ್ಕೆ ದುಡ್ಡೇ ಬೇಡ. ಮುಂದಿನ ಭಾನುವಾರ ಚಿಕ್ಕಮಗಳೂರಿನಿಂದ ಹೋಗಿ, ಅವರ ಡೆಸ್ಕ್‌ಟಾಪ್ ಮೇಲೆ ಐದು ಶಾರ್ಟ್‌ಕಟ್ ಮಾಡಿಕೊಟ್ಟು ಬಂದೆ: ಪಹಣಿ, ಕಾಫಿ ದರ, ಮಳೆ, ಕರೆಂಟ್ ಬಿಲ್, ಬ್ಯಾಂಕ್. ಅಂದು ಮಾಡಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನೀವು ನಿಮಗಾಗಿ ಮಾಡಿಕೊಳ್ಳಿ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೆ ಮೊದಲು ಮಾಡಿಕೊಡಿ.

ಶಾರ್ಟ್‌ಕಟ್ ಒಳಗೆ ಏನಿರುತ್ತದೆ

ಇದು ಗೊತ್ತಿದ್ದರೆ ಮುಂದಿನ ಅರ್ಧ ಗೊಂದಲ ಹುಟ್ಟುವುದೇ ಇಲ್ಲ. ಡೆಸ್ಕ್‌ಟಾಪ್ ಮೇಲೆ ಕಾಣುವ ಆ ಚಿತ್ರ ವೆಬ್‌ಸೈಟ್ ಅಲ್ಲ, ವಿಳಾಸ ಬರೆದಿಟ್ಟ ಚೀಟಿ. ಸಾಮಾನ್ಯ ಶಾರ್ಟ್‌ಕಟ್ ಒಂದನ್ನು ಮಾಡಿದ ಮೇಲೆ ನೋಟ್‌ಪ್ಯಾಡ್ ತೆರೆದು, ಆ ಚಿತ್ರವನ್ನು ಮೌಸ್‌ನಲ್ಲಿ ಎಳೆದು ನೋಟ್‌ಪ್ಯಾಡ್ ಒಳಗೆ ಬಿಟ್ಟು ನೋಡಿ. ಮುಖ್ಯವಾದವು ಎರಡೇ ಸಾಲು. ಮೊದಲನೆಯದು ಚೌಕ ಆವರಣದೊಳಗೆ ‘ಇಂಟರ್‌ನೆಟ್ ಶಾರ್ಟ್‌ಕಟ್’ ಎಂಬ ಪದ. ಎರಡನೆಯದು ‘ಯುಆರ್‌ಎಲ್’ ಎಂದು ಬರೆದು, ಸಮ ಚಿಹ್ನೆ ಹಾಕಿ, ಅದರ ಮುಂದೆ ಪುಟದ ವಿಳಾಸ. ಅಷ್ಟೇ.

ಹಾಗಾಗಿ ಚಿತ್ರವನ್ನು ಅಳಿಸಿದರೆ ವೆಬ್‌ಸೈಟ್‌ಗೆ ಏನೂ ಆಗುವುದಿಲ್ಲ, ನಿಮ್ಮ ಖಾತೆಗೂ ಏನೂ ಆಗುವುದಿಲ್ಲ. ‘ಅಯ್ಯೋ, ಬ್ಯಾಂಕ್ ಡಿಲೀಟ್ ಆಯ್ತು’ ಎಂದು ಹೆದರಿಕೊಂಡವರನ್ನು ನಾನು ಕಂಡಿದ್ದೇನೆ, ಅದಕ್ಕೇ ಇದನ್ನು ಮೊದಲಿಗೇ ಹೇಳುತ್ತಿದ್ದೇನೆ. ಚೀಟಿ ಹರಿದರೆ ಮನೆ ಬೀಳುವುದಿಲ್ಲ. ಹಾಗೆಯೇ ಇಂಟರ್‌ನೆಟ್ ಇಲ್ಲದಿದ್ದರೆ ಚೀಟಿ ಇದ್ದೂ ಪ್ರಯೋಜನವಿಲ್ಲ.

ಮೊದಲು ವಿಳಾಸ ಸರಿಯಿದೆಯೇ ನೋಡಿ

ಶಾರ್ಟ್‌ಕಟ್ ಮಾಡುವುದು ಎರಡು ನಿಮಿಷದ ಕೆಲಸ. ಆದರೆ ತಪ್ಪು ವಿಳಾಸಕ್ಕೆ ಶಾರ್ಟ್‌ಕಟ್ ಮಾಡಿಕೊಟ್ಟರೆ ದೊಡ್ಡಪ್ಪನಂಥವರು ದಿನಾ ಅದೇ ಬಲೆಗೆ ಬೀಳುತ್ತಾರೆ, ಅದೂ ಪೂರ್ತಿ ನಂಬಿಕೆಯಿಂದ. ಆದ್ದರಿಂದ ಈ ಒಂದು ಹೆಜ್ಜೆಗೆ ಸಮಯ ಕೊಡಿ.

ಭೂಮಿ ದಾಖಲೆಯ ಸರ್ಕಾರಿ ತಾಣದ ವಿಳಾಸ ‘ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್’. ಇದನ್ನು ಕೊನೆಯಿಂದ ಹಿಂದಕ್ಕೆ ಓದುವುದನ್ನು ಅಭ್ಯಾಸ ಮಾಡಿಕೊಳ್ಳಿ. ಮೊದಲ ಒಂಟಿ ಓರೆಗೆರೆ ಬರುವುದಕ್ಕೆ ಸ್ವಲ್ಪ ಹಿಂದೆ ಏನಿದೆ? ‘ಜಿಒವಿ ಡಾಟ್ ಇನ್’ ಇದ್ದರೆ ಅದು ಸರ್ಕಾರಿ ಸಂಸ್ಥೆಯದ್ದು, ಏಕೆಂದರೆ ಆ ಬಾಲವನ್ನು ಬೇರೆಯವರಿಗೆ ಕೊಡುವುದಿಲ್ಲ. ಕೆಲವು ಸರ್ಕಾರಿ ತಾಣಗಳು ‘ಎನ್‌ಐಸಿ ಡಾಟ್ ಇನ್’ ಎಂದು ಮುಗಿಯುತ್ತವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ತಾಣ ಈ ಗುಂಪಿನದು. ಆದರೆ ‘ಕರ್ನಾಟಕ’, ‘ಪಹಣಿ’, ‘ಆನ್‌ಲೈನ್’ ಎಂಬ ಪದಗಳನ್ನೆಲ್ಲ ಅಡ್ಡಗೆರೆಯಿಂದ ಪೋಣಿಸಿ ಕೊನೆಗೆ ‘ಡಾಟ್ ಕಾಮ್’ ಎಂದಿದ್ದರೆ, ಮುಂದೆ ಎಷ್ಟೇ ಸರ್ಕಾರಿ ಪದಗಳಿದ್ದರೂ ಅದು ಖಾಸಗಿಯವರದ್ದೇ.

ಕರೆಂಟ್ ಬಿಲ್ಲಿನ ತಾಣದ ವಿಳಾಸ ಬೇಕೆಂದರೆ ಬಿಲ್ಲನ್ನೇ ಕೈಗೆತ್ತಿಕೊಳ್ಳಿ, ಅದರ ಮೇಲೆ ಅಚ್ಚಾಗಿರುವುದನ್ನು ನೋಡಿ ಟೈಪ್ ಮಾಡಿ. ನಮ್ಮ ಕಡೆಯವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಚಿಕ್ಕಮಗಳೂರು ಜಿಲ್ಲೆ ಮೆಸ್ಕಾಂ ವ್ಯಾಪ್ತಿಗೆ ಬರುತ್ತದೆ, ಹಾಸನ ಜಿಲ್ಲೆ ಚಾಮುಂಡೇಶ್ವರಿ ವಿದ್ಯುತ್ ನಿಗಮಕ್ಕೆ. ಮನೆ ಆಲ್ದೂರಿನಲ್ಲಿದ್ದು, ಬೇಲೂರಿನ ಕಡೆ ಗದ್ದೆಗೆ ಪಂಪ್‌ಸೆಟ್ ಇದ್ದವರು ಎರಡು ಬೇರೆ ಬೇರೆ ಶಾರ್ಟ್‌ಕಟ್ ಮಾಡಿಕೊಳ್ಳಬೇಕು. ಒಂದರಲ್ಲಿ ಇನ್ನೊಂದರ ಖಾತೆ ಸಂಖ್ಯೆ ಹಾಕಿದರೆ ಸಿಗುವುದಿಲ್ಲ.

ಬ್ಯಾಂಕಿನ ವಿಷಯದಲ್ಲಿ ಈಚೆಗೆ ಒಂದು ದೊಡ್ಡ ಬದಲಾವಣೆ ಆಗಿದೆ. 2025ರ ಅಕ್ಟೋಬರ್ 31ರೊಳಗೆ ತಮ್ಮ ತಾಣಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಸಾಗಿಸಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಸೂಚಿಸಿತ್ತು. ನಿಮ್ಮ ಡೆಸ್ಕ್‌ಟಾಪ್‌ನಲ್ಲಿ ಅದಕ್ಕಿಂತ ಹಳೆಯ ಬ್ಯಾಂಕ್ ಶಾರ್ಟ್‌ಕಟ್ ಇದ್ದರೆ ಇಂದೇ ಅಳಿಸಿ, ಹೊಸ ವಿಳಾಸಕ್ಕೆ ಮತ್ತೆ ಮಾಡಿ.

ಸುಲಭದ ದಾರಿ: ಎಳೆದು ಬಿಡುವುದು

ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರರಲ್ಲೂ ನಡೆಯುವ ವಿಧಾನವಿದು. ದೊಡ್ಡಪ್ಪನಿಗೆ ನಾನು ಕಲಿಸಿದ್ದೂ ಇದನ್ನೇ.

1. ಬೇಕಾದ ತಾಣವನ್ನು ಬ್ರೌಸರ್‌ನಲ್ಲಿ ತೆರೆಯಿರಿ. ಪುಟ ಪೂರ್ತಿ ಬರಲಿ.

2. ಬ್ರೌಸರ್ ಕಿಟಕಿ ಪರದೆ ತುಂಬ ಹರಡಿಕೊಂಡಿದ್ದರೆ ಡೆಸ್ಕ್‌ಟಾಪ್ ಕಾಣುವುದಿಲ್ಲ. ಮೇಲೆ ಬಲ ಮೂಲೆಯಲ್ಲಿ ಮೂರು ಗುಂಡಿಗಳಿವೆಯಲ್ಲ, ಅವುಗಳಲ್ಲಿ ನಡುವಿನದನ್ನು ಒತ್ತಿ. ಕಿಟಕಿ ಚಿಕ್ಕದಾಗುತ್ತದೆ. ಅಥವಾ ಕೀಬೋರ್ಡಿನ ವಿಂಡೋಸ್ ಕೀ ಹಿಡಿದು ಬಲಬಾಣ ಒತ್ತಿದರೆ ಕಿಟಕಿ ಬಲ ಅರ್ಧಕ್ಕೆ ಸರಿದು, ಎಡಗಡೆ ಡೆಸ್ಕ್‌ಟಾಪ್‌ಗೆ ಜಾಗವಾಗುತ್ತದೆ.

3. ವಿಳಾಸ ಪಟ್ಟಿಯಲ್ಲಿ ವಿಳಾಸದ ಎಡಕ್ಕೆ ಅಂಟಿಕೊಂಡಂತೆ ಒಂದು ಸಣ್ಣ ಗುರುತು ಇರುತ್ತದೆ. ಹಿಂದೆ ಎಲ್ಲ ಕಡೆ ಬೀಗದ ಚಿತ್ರವೇ ಇತ್ತು. ಕ್ರೋಮ್ 2023ರ ಸೆಪ್ಟೆಂಬರ್‌ನಿಂದ ಬೀಗ ತೆಗೆದು, ಎರಡು ಗೆರೆಗಳ ಮೇಲೆ ಎರಡು ಸೊನ್ನೆ ಇಟ್ಟಂಥ ಗುರುತು ಹಾಕಿದೆ.

4. ಆ ಗುರುತಿನ ಮೇಲೆ ಮೌಸ್‌ನ ಎಡಗುಂಡಿ ಒತ್ತಿ ಹಿಡಿಯಿರಿ. ಬೆರಳು ಎತ್ತಬೇಡಿ. ಹಾಗೇ ಎಳೆದುಕೊಂಡು ಡೆಸ್ಕ್‌ಟಾಪ್‌ನ ಖಾಲಿ ಜಾಗಕ್ಕೆ ತಂದು ಬಿಡಿ.

ನಾಲ್ಕನೆಯ ಹೆಜ್ಜೆಯಲ್ಲೇ ಹೊಸಬರು ಎಡವುವುದು. ದೊಡ್ಡಪ್ಪ ಮೂರು ಸಲವೂ ಒತ್ತಿ ತಕ್ಷಣ ಬಿಟ್ಟರು, ಪ್ರತಿ ಸಲವೂ ತಾಣದ ಮಾಹಿತಿ ತೋರಿಸುವ ಸಣ್ಣ ಪೆಟ್ಟಿಗೆ ತೆರೆದುಕೊಂಡಿತು. ಹಾಗಾದರೆ ಪುಟದ ಮೇಲೆ ಎಲ್ಲಾದರೂ ಒಮ್ಮೆ ಕ್ಲಿಕ್ ಮಾಡಿ, ಪೆಟ್ಟಿಗೆ ಮುಚ್ಚಿಕೊಳ್ಳುತ್ತದೆ. ನಾಲ್ಕನೆಯ ಸಲ ನಾನು ಅವರ ಕೈ ಮೇಲೆ ಕೈಯಿಟ್ಟು, ‘ಬುಟ್ಟಿ ಹಿಡಿದುಕೊಂಡು ನಡೆದ ಹಾಗೆ, ಕಣದವರೆಗೂ ಕೈ ಬಿಡಬೇಡಿ’ ಎಂದೆ. ಚಿತ್ರ ಡೆಸ್ಕ್‌ಟಾಪ್ ಮೇಲೆ ಬಂದು ಕೂತಿತು. ಎಳೆಯುವಾಗ ಮೌಸ್‌ನ ಬಾಣದ ಜೊತೆ ಒಂದು ಮಸುಕು ನೆರಳು ತೇಲಿಬರುತ್ತದೆ. ಅದು ಕಾಣುತ್ತಿದೆ ಅಂದರೆ ಹಿಡಿತ ಸರಿಯಿದೆ.

ಹೀಗೆ ಮಾಡಿದ ಶಾರ್ಟ್‌ಕಟ್ ಯಾವ ಬ್ರೌಸರ್‌ನಿಂದ ಎಳೆದಿದ್ದರೂ, ತೆರೆಯುವುದು ನಿಮ್ಮ ಕಂಪ್ಯೂಟರಿನ ಡೀಫಾಲ್ಟ್ ಬ್ರೌಸರ್‌ನಲ್ಲಿ, ಅಂದರೆ ಲಿಂಕ್ ಒತ್ತಿದಾಗ ತಾನಾಗಿ ತೆರೆದುಕೊಳ್ಳುವ ಬ್ರೌಸರ್‌ನಲ್ಲಿ. ಕ್ರೋಮ್‌ನಿಂದ ಎಳೆದದ್ದು ಎಡ್ಜ್‌ನಲ್ಲಿ ತೆರೆದರೆ ಗಾಬರಿ ಬೇಡ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರೊಳಗೆ ಡೀಫಾಲ್ಟ್ ಆ್ಯಪ್ಸ್‌ಗೆ ಹೋಗಿ ನಿಮಗೆ ಬೇಕಾದ ಬ್ರೌಸರ್ ಆರಿಸಿಕೊಳ್ಳಿ.

ಎಳೆಯಲು ಆಗದಿದ್ದರೆ: ವಿಳಾಸ ಬರೆದು ಮಾಡುವುದು

ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್‌ನಲ್ಲಿ ಎಳೆಯುವುದು ಕಷ್ಟ. ಕೈ ನಡುಗುವವರಿಗಂತೂ ಆಗುವುದೇ ಇಲ್ಲ. ಆಗ ಹೀಗೆ ಮಾಡಿ. ಮೊದಲು ವಿಳಾಸ ಪಟ್ಟಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ ವಿಳಾಸವನ್ನು ಕಾಪಿ ಮಾಡಿಕೊಳ್ಳಿ. ವಿಂಡೋಸ್ ಕೀ ಮತ್ತು ಡಿ ಒಟ್ಟಿಗೆ ಒತ್ತಿದರೆ ಎಲ್ಲ ಕಿಟಕಿಗಳೂ ಇಳಿದು ಡೆಸ್ಕ್‌ಟಾಪ್ ಕಾಣುತ್ತದೆ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ‘ನ್ಯೂ’ ಮೇಲೆ ಹೋಗಿ ‘ಶಾರ್ಟ್‌ಕಟ್’ ಆರಿಸಿ. ಒಂದು ಪೆಟ್ಟಿಗೆ ಬಂದು ಜಾಗ ಯಾವುದು ಎಂದು ಕೇಳುತ್ತದೆ. ಅಲ್ಲಿ ಕಂಟ್ರೋಲ್ ಮತ್ತು ವಿ ಒತ್ತಿ ವಿಳಾಸ ಅಂಟಿಸಿ ‘ನೆಕ್ಸ್ಟ್’ ಕೊಡಿ. ಮುಂದಿನ ಪೆಟ್ಟಿಗೆ ಹೆಸರು ಕೇಳುತ್ತದೆ. ಹೆಸರು ಬರೆದು ‘ಫಿನಿಶ್’ ಒತ್ತಿ. ವಿಂಡೋಸ್ 10 ಮತ್ತು 11 ಎರಡರಲ್ಲೂ ಇದೇ ಕ್ರಮ.

ನನಗೆ ಈ ದಾರಿಯೇ ಹೆಚ್ಚು ಇಷ್ಟ. ವಿಳಾಸವನ್ನು ಅಂಟಿಸುವಾಗ ಅದನ್ನು ಇನ್ನೊಮ್ಮೆ ಕಣ್ಣಾರೆ ಓದುವ ಅವಕಾಶ ಸಿಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಆಗಿದ್ದರೆ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮಾರುದ್ದದ ಬಾಲ ಇರುವುದುಂಟು. ಎಷ್ಟೋ ಸಲ ಅದು ನೀವು ಎಲ್ಲಿಂದ ಬಂದಿರಿ ಎಂದು ಗುರುತಿಟ್ಟುಕೊಳ್ಳಲು ಮಾತ್ರ ಹಾಕಿದ್ದು. ಬಾಲ ಅಳಿಸಿ ನೋಡಿ. ಪುಟ ಅದೇ ಬಂದರೆ ಚಿಕ್ಕ ವಿಳಾಸವನ್ನೇ ಇಟ್ಟುಕೊಳ್ಳಿ.

ಬ್ರೌಸರ್‌ಗಳ ಸ್ವಂತ ಶಾರ್ಟ್‌ಕಟ್

ಕ್ರೋಮ್‌ನಲ್ಲಿ ಬಲ ಮೂಲೆಯ ಮೂರು ಚುಕ್ಕಿ ಒತ್ತಿ, ‘ಕಾಸ್ಟ್, ಸೇವ್ ಆ್ಯಂಡ್ ಶೇರ್’ ಒಳಗೆ ಹೋದರೆ ‘ಕ್ರಿಯೇಟ್ ಶಾರ್ಟ್‌ಕಟ್’ ಸಿಗುತ್ತದೆ. ಹಳೆಯ ಕ್ರೋಮ್ ಆದರೆ ಅದು ‘ಮೋರ್ ಟೂಲ್ಸ್’ ಒಳಗಿತ್ತು. ಇದರ ಅನುಕೂಲವೆಂದರೆ ತಾಣದ ಸ್ವಂತ ಲಾಂಛನವೇ ಡೆಸ್ಕ್‌ಟಾಪ್ ಮೇಲೆ ಬರುತ್ತದೆ, ತೆರೆಯುವುದೂ ಕ್ರೋಮ್‌ನಲ್ಲೇ. ಅದೇ ಜಾಗದಲ್ಲಿ ಪುಟವನ್ನು ಆ್ಯಪ್ ಆಗಿ ಇನ್‌ಸ್ಟಾಲ್ ಮಾಡುವ ಆಯ್ಕೆಯೂ ಇದೆ. ಎಡ್ಜ್‌ನಲ್ಲಿ ಮೂರು ಚುಕ್ಕಿ, ಮೋರ್ ಟೂಲ್ಸ್, ಆ್ಯಪ್ಸ್ ದಾರಿಯಲ್ಲಿ ಹೋದರೆ ತಾಣವನ್ನು ಆ್ಯಪ್ ಆಗಿ ಇನ್‌ಸ್ಟಾಲ್ ಮಾಡಬಹುದು. ಮುಗಿದ ಮೇಲೆ ಟಾಸ್ಕ್‌ಬಾರ್‌ಗೆ ಬೇಕೆ, ಡೆಸ್ಕ್‌ಟಾಪ್‌ಗೆ ಬೇಕೆ ಎಂದು ಅದೇ ಕೇಳುತ್ತದೆ.

ಆ್ಯಪ್ ಆಗಿ ಮಾಡಿದರೆ ತಾಣ ತನ್ನದೇ ಕಿಟಕಿಯಲ್ಲಿ ತೆರೆಯುತ್ತದೆ, ಮೇಲೆ ವಿಳಾಸ ಪಟ್ಟಿ ಇರುವುದಿಲ್ಲ. ಕಾಫಿ ದರ, ಹವಾಮಾನ ನೋಡುವುದಕ್ಕೆ ಇದು ಚೆನ್ನ. ಬ್ಯಾಂಕಿಗೆ ಮಾತ್ರ ಹೀಗೆ ಮಾಡಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಪಾಸ್‌ವರ್ಡ್ ಹಾಕುವ ಪ್ರತಿ ಪುಟದಲ್ಲೂ ವಿಳಾಸ ಕಣ್ಣೆದುರಿಗೆ ಇರಬೇಕು. ಇನ್ನೊಂದು ಮಾತು: ಆ್ಯಪ್ ಮಾಡಿದ ತಾಣದ ಚಿತ್ರವನ್ನು ಡೆಸ್ಕ್‌ಟಾಪ್‌ನಿಂದ ಅಳಿಸಿದರೂ ಆ್ಯಪ್ ಬ್ರೌಸರ್ ಒಳಗೆ ಉಳಿದೇ ಇರುತ್ತದೆ. ಪೂರ್ತಿ ಬೇಡವೆಂದರೆ ಆ ಕಿಟಕಿಯ ಮೂರು ಚುಕ್ಕಿಯಿಂದಲೇ ಅನ್‌ಇನ್‌ಸ್ಟಾಲ್ ಮಾಡಬೇಕು.

ಕನ್ನಡದಲ್ಲೇ ಹೆಸರಿಡಿ

ಎಳೆದು ಬಿಟ್ಟಾಗ ಬರುವ ಹೆಸರು ಪುಟದ ಶೀರ್ಷಿಕೆಯದ್ದು, ಬಹಳ ಸಲ ಉದ್ದುದ್ದ ಇಂಗ್ಲಿಷ್ ಸಾಲು. ದೊಡ್ಡಪ್ಪನಿಗೆ ಅದು ಬೇಕಾಗಿರಲಿಲ್ಲ. ಚಿತ್ರದ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಎಫ್2 ಕೀ ಒತ್ತಿದರೆ ಹೆಸರು ಬದಲಿಸಬಹುದು. ವಿಂಡೋಸ್‌ನಲ್ಲಿ ಫೈಲ್ ಹೆಸರು ಕನ್ನಡದಲ್ಲೇ ಇಡಲು ಯಾವ ಅಡ್ಡಿಯೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್‌ಗೆ ಹೋಗಿ ಕನ್ನಡ ಸೇರಿಸಿಕೊಳ್ಳಿ. 2019ರಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ. ವಿಂಡೋಸ್ ಕೀ ಮತ್ತು ಸ್ಪೇಸ್‌ಬಾರ್ ಒಟ್ಟಿಗೆ ಒತ್ತಿ ಕನ್ನಡಕ್ಕೆ ಬಂದು, ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆಯಂತೆ ಟೈಪ್ ಮಾಡಿದರೆ ‘ಪಹಣಿ’ ಮೂಡುತ್ತದೆ.

ಕಚೇರಿಗಳಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ರೂಢಿಯಿರುವವರು ಇಲ್ಲಿ ಎಚ್ಚರ ವಹಿಸಬೇಕು. ಯೂನಿಕೋಡ್ (ಎಲ್ಲ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತ) ಅಲ್ಲದ ನುಡಿಯಲ್ಲಿ ಹೆಸರಿಟ್ಟರೆ ಡೆಸ್ಕ್‌ಟಾಪ್ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ನುಡಿಯಲ್ಲೂ ಯೂನಿಕೋಡ್ ಆಯ್ಕೆ ಇದೆ, ಅದನ್ನೇ ಬಳಸಿ.

ನಾನು ‘ಪಹಣಿ ಸ.ನಂ. 45/2’ ಎಂದು ಹೆಸರಿಡಲು ಹೋದಾಗ ವಿಂಡೋಸ್ ಒಪ್ಪಲಿಲ್ಲ. ಫೈಲ್ ಹೆಸರಿನಲ್ಲಿ ಓರೆಗೆರೆ, ನಕ್ಷತ್ರ ಚಿಹ್ನೆ, ಪ್ರಶ್ನಾರ್ಥಕ, ಎರಡು ಚುಕ್ಕಿಯ ಕೋಲನ್, ಜೋಡಿ ಉದ್ಧರಣ ಚಿಹ್ನೆ ಇವೆಲ್ಲ ನಿಷಿದ್ಧ. ನಮ್ಮ ಪಹಣಿಗಳಲ್ಲಿ ಸರ್ವೆ ನಂಬರ್ ಮತ್ತು ಹಿಸ್ಸಾ ನಡುವೆ ಓರೆಗೆರೆಯೂ ಇರುತ್ತದೆ, ನಕ್ಷತ್ರವೂ ಇರುತ್ತದೆ. ಆದ್ದರಿಂದ ‘ಪಹಣಿ 45-2’ ಎಂದು ಅಡ್ಡಗೆರೆ ಹಾಕಿ. ಹೆಸರಿನಲ್ಲೇ ಸರ್ವೆ ನಂಬರ್ ಇಟ್ಟರೆ ಪ್ರತಿ ಸಲ ಕಾಗದ ಹುಡುಕುವ ಕೆಲಸ ತಪ್ಪುತ್ತದೆ.

ಹೆಸರಿನ ಮುಂದೆ 1, 2, 3 ಎಂದು ಸಂಖ್ಯೆ ಹಾಕಿ, ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ಹೆಸರಿನ ಪ್ರಕಾರ ಜೋಡಿಸಿದರೆ ಚಿತ್ರಗಳು ನೀವು ಹೇಳಿದ ಸಾಲಿನಲ್ಲಿ ನಿಲ್ಲುತ್ತವೆ. ಬೇಕಾದ ಜಾಗದಲ್ಲಿ ಕೈಯಿಂದಲೇ ಇಡಬೇಕೆಂದರೆ, ರೈಟ್ ಕ್ಲಿಕ್ ಮಾಡಿ ‘ವ್ಯೂ’ ಒಳಗಿನ ‘ಆಟೋ ಅರೇಂಜ್ ಐಕಾನ್ಸ್’ ತೆಗೆದುಹಾಕಿ.

ಚಿತ್ರ ಬದಲಿಸುವುದು, ಕೀಲಿ ಕೊಡುವುದು

ಐದೂ ಚಿತ್ರಗಳು ಬ್ರೌಸರ್‌ನ ಲಾಂಛನವನ್ನೇ ಹೊತ್ತು ಒಂದೇ ಥರ ಕಾಣುತ್ತಿದ್ದರೆ ಕಣ್ಣು ಮಂಜಾದವರಿಗೆ ಗೊತ್ತಾಗುವುದು ಹೇಗೆ? ಎಳೆದು ಅಥವಾ ಬರೆದು ಮಾಡಿದ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆಯಿರಿ. ‘ವೆಬ್ ಡಾಕ್ಯುಮೆಂಟ್’ ಎಂಬ ಹಾಳೆಯಲ್ಲಿ ‘ಚೇಂಜ್ ಐಕಾನ್’ ಗುಂಡಿ ಇರುತ್ತದೆ. ಅಲ್ಲಿ ‘ಬ್ರೌಸ್’ ಒತ್ತಿ, ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಮ್32, ಅದರಲ್ಲಿ ‘ಶೆಲ್32’ ಎಂಬ ಫೈಲ್ ಆರಿಸಿದರೆ ನೂರಾರು ಸಿದ್ಧ ಚಿತ್ರಗಳು ಸಿಗುತ್ತವೆ. ಪಹಣಿಗೆ ಮರದ ಚಿತ್ರ, ಬ್ಯಾಂಕಿಗೆ ಕೀಲಿಕೈ, ಕಾಫಿ ದರಕ್ಕೆ ನಕ್ಷತ್ರ ಹಾಕಿದೆ. ‘ಮರ ಒತ್ತಿದ್ರೆ ಜಮೀನು’ ಎಂದು ದೊಡ್ಡಮ್ಮನೂ ಹೇಳುವಷ್ಟು ಸುಲಭವಾಯಿತು. ಚಿತ್ರಗಳು ತೀರಾ ಸಣ್ಣವು ಅನ್ನಿಸಿದರೆ ಡೆಸ್ಕ್‌ಟಾಪ್ ಮೇಲೆ ಕ್ಲಿಕ್ ಮಾಡಿ, ಕಂಟ್ರೋಲ್ ಕೀ ಹಿಡಿದು ಮೌಸ್‌ನ ಚಕ್ರ ಮುಂದಕ್ಕೆ ತಿರುಗಿಸಿ. ಎಲ್ಲವೂ ದೊಡ್ಡದಾಗುತ್ತವೆ.

ಅದೇ ಹಾಳೆಯಲ್ಲಿ ‘ಶಾರ್ಟ್‌ಕಟ್ ಕೀ’ ಎಂಬ ಜಾಗವಿದೆ. ಅದರೊಳಗೆ ಕ್ಲಿಕ್ ಮಾಡಿ ಪಿ ಅಕ್ಷರ ಒತ್ತಿದರೆ ಕಂಟ್ರೋಲ್ ಮತ್ತು ಆಲ್ಟ್ ತಾವೇ ಸೇರಿಕೊಳ್ಳುತ್ತವೆ. ಮುಂದೆ ಈ ಮೂರನ್ನೂ ಒಟ್ಟಿಗೆ ಒತ್ತಿದರೆ ಪಹಣಿ ತಾಣ ತೆರೆಯುತ್ತದೆ, ಮೌಸ್ ಮುಟ್ಟಬೇಕಾಗಿಲ್ಲ. ಆದರೆ ಶಾರ್ಟ್‌ಕಟ್ ಡೆಸ್ಕ್‌ಟಾಪ್ ಅಥವಾ ಸ್ಟಾರ್ಟ್ ಮೆನುವಿನಲ್ಲಿ ಇದ್ದರೆ ಮಾತ್ರ ಈ ಕೀಲಿ ಕೆಲಸ ಮಾಡುತ್ತದೆ. ಬೇರೆ ಫೋಲ್ಡರ್‌ಗೆ ಸಾಗಿಸಿದರೆ ನಿಲ್ಲುತ್ತದೆ.

ಚೀಟಿಯಲ್ಲಿ ಇಲ್ಲದ್ದನ್ನು ಚೀಟಿ ಹೇಳುವುದಿಲ್ಲ

ದೊಡ್ಡಪ್ಪ ಮಾರನೆಯ ದಿನ ಫೋನ್ ಮಾಡಿದರು. ‘ನಿನ್ನೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಲ್ಲ ಆರಿಸಿಟ್ಟಿದ್ದೆವಲ್ಲ, ಇವತ್ತು ಮತ್ತೆ ಕೇಳ್ತದೆ.’ ಶಾರ್ಟ್‌ಕಟ್ ನೆನಪಿಟ್ಟುಕೊಳ್ಳುವುದು ವಿಳಾಸ ಪಟ್ಟಿಯಲ್ಲಿ ಕಾಣುವುದನ್ನು ಮಾತ್ರ. ಪುಟದ ಮೇಲೆ ನೀವು ಆರಿಸಿದ ಗ್ರಾಮ, ತುಂಬಿದ ಸರ್ವೆ ನಂಬರ್ ವಿಳಾಸದಲ್ಲಿ ಸೇರದಿದ್ದರೆ ಶಾರ್ಟ್‌ಕಟ್‌ಗೆ ಅದು ಗೊತ್ತೇ ಇರುವುದಿಲ್ಲ. ಯಾವುದೇ ತಾಣದಲ್ಲಿ ಇದನ್ನು ಪರೀಕ್ಷಿಸುವುದು ಸುಲಭ: ಏನಾದರೂ ಆರಿಸಿ, ವಿಳಾಸ ಪಟ್ಟಿ ಬದಲಾಯಿತೇ ನೋಡಿ. ಬದಲಾದರೆ ಆ ಒಳಪುಟಕ್ಕೇ ಶಾರ್ಟ್‌ಕಟ್ ಮಾಡಬಹುದು. ಬದಲಾಗದಿದ್ದರೆ ಪ್ರತಿ ಸಲ ಆರಿಸಲೇಬೇಕು.

ಲಾಗಿನ್ ಆದ ಮೇಲೆ ಬರುವ ಪುಟಗಳಿಗೆ ಶಾರ್ಟ್‌ಕಟ್ ಮಾಡಲೇಬೇಡಿ. ಬ್ಯಾಂಕ್, ರೈಲ್ವೆ ಟಿಕೆಟ್, ಸೇವಾ ಸಿಂಧು ಇಂಥವುಗಳಲ್ಲಿ ಒಳಪುಟದ ವಿಳಾಸ ಆ ಹೊತ್ತಿಗೆ ಮಾತ್ರ ಜೀವಂತ. ಮರುದಿನ ಒತ್ತಿದರೆ ‘ಸೆಷನ್ ಮುಗಿದಿದೆ’ ಎಂದು ಬರುತ್ತದೆ. ಇವಕ್ಕೆ ಲಾಗಿನ್ ಪುಟ ಅಥವಾ ಮುಖಪುಟಕ್ಕೆ ಮಾಡುವುದೇ ಸರಿ.

ಒಂದೇ ಒತ್ತಿಗೆ ಮೂರು ತಾಣ

ಬೆಳಗ್ಗೆ ಕಾಫಿ ಕುಡಿಯುತ್ತ ದೊಡ್ಡಪ್ಪ ನೋಡುವುದು ಮೂರು. ಕಾಫಿ ಮಂಡಳಿಯ ತಾಣದಲ್ಲಿ ಅಂದಿನ ದರ, ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆ, ಜೊತೆಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ವಿವರ. ಆ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇರುವುದರಿಂದ ಬೆಳೆಗಾರರಿಗೆ ಅದು ತುಂಬ ಹತ್ತಿರದ ಮಾಹಿತಿ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂ ಮಳೆಗೂ, ಅದಾದ ಮೇಲೆ ಬರಬೇಕಾದ ಬ್ಯಾಕಿಂಗ್ ಮಳೆಗೂ ಕಾಯುವ ದಿನಗಳಲ್ಲಿ ಇದನ್ನು ಅವರು ಐದಾರು ಸಲ ತೆರೆಯುತ್ತಾರೆ. ಮೂರನ್ನೂ ಒಂದೇ ಚಿತ್ರಕ್ಕೆ ಕಟ್ಟಿಕೊಟ್ಟೆ.

ಡೆಸ್ಕ್‌ಟಾಪ್ ಮೇಲಿನ ಕ್ರೋಮ್ ಚಿತ್ರವನ್ನು ಕಾಪಿ ಮಾಡಿ ಪಕ್ಕದಲ್ಲೇ ಪೇಸ್ಟ್ ಮಾಡಿ. ಮೂಲವನ್ನು ಮುಟ್ಟಬೇಡಿ, ನಕಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ‘ಟಾರ್ಗೆಟ್’ ಎಂಬ ಜಾಗದಲ್ಲಿ ಕ್ರೋಮ್ ಇರುವ ಹಾದಿ ಉದ್ಧರಣ ಚಿಹ್ನೆಗಳ ನಡುವೆ ಬರೆದಿರುತ್ತದೆ. ಕರ್ಸರನ್ನು ಕೊನೆಯ ಉದ್ಧರಣ ಚಿಹ್ನೆಯ ಆಚೆಗೆ ತನ್ನಿ. ಒಂದು ಸ್ಪೇಸ್ ಬಿಟ್ಟು ಮೊದಲ ತಾಣದ ಪೂರ್ತಿ ವಿಳಾಸ, ಮತ್ತೆ ಸ್ಪೇಸ್ ಬಿಟ್ಟು ಎರಡನೆಯದು, ಮತ್ತೆ ಸ್ಪೇಸ್, ಮೂರನೆಯದು. ‘ಓಕೆ’ ಕೊಡಿ. ಹೆಸರು ‘ಬೆಳಗಿನದು’ ಎಂದಿಡಿ. ಒತ್ತಿದರೆ ಮೂರು ಟ್ಯಾಬ್ ಒಟ್ಟಿಗೆ ತೆರೆಯುತ್ತವೆ. ಸ್ಪೇಸ್ ಬಿಡದೆ ಅಂಟಿಸಿದರೆ, ಅಥವಾ ಉದ್ಧರಣ ಚಿಹ್ನೆಯ ಒಳಗೆ ಬರೆದರೆ ವಿಂಡೋಸ್ ದೂರು ಹೇಳುತ್ತದೆ. ತಪ್ಪು ಆಗುವುದು ಇವೆರಡೇ ಕಡೆ.

ಇದೇ ಜಾಗದಲ್ಲಿ ವಿಳಾಸಕ್ಕಿಂತ ಮೊದಲು ಎರಡು ಸಣ್ಣ ಅಡ್ಡಗೆರೆ ಹಾಕಿ, ಅದಕ್ಕೆ ಅಂಟಿಸಿ ‘ಇನ್‌ಕಾಗ್ನಿಟೊ’ ಎಂಬ ಇಂಗ್ಲಿಷ್ ಪದವನ್ನು ಸಣ್ಣಕ್ಷರದಲ್ಲಿ ಬರೆದರೆ ಕ್ರೋಮ್ ಖಾಸಗಿ ಕಿಟಕಿಯಲ್ಲಿ ತೆರೆಯುತ್ತದೆ. ಎಡ್ಜ್ ಆದರೆ ಆ ಪದ ‘ಇನ್‌ಪ್ರೈವೇಟ್’. ಮನೆಮಂದಿಯೆಲ್ಲ ಒಂದೇ ಕಂಪ್ಯೂಟರ್ ಬಳಸುವ ಕಡೆ ಬ್ಯಾಂಕ್ ಶಾರ್ಟ್‌ಕಟ್ ಹೀಗಿದ್ದರೆ, ಕಿಟಕಿಗಳನ್ನೆಲ್ಲ ಮುಚ್ಚಿದ ಕೂಡಲೇ ಲಾಗಿನ್ ಗುರುತು ಉಳಿಯುವುದಿಲ್ಲ.

ಕೆಟ್ಟಾಗ ಏನು ಮಾಡುವುದು

ಎಲ್ಲ ಚಿತ್ರಗಳೂ ಒಟ್ಟಿಗೆ ಮಾಯವಾದರೆ ಕಳೆದುಹೋಗಿಲ್ಲ. ರೈಟ್ ಕ್ಲಿಕ್ ಮಾಡಿ ‘ವ್ಯೂ’ ಒಳಗೆ ‘ಶೋ ಡೆಸ್ಕ್‌ಟಾಪ್ ಐಕಾನ್ಸ್’ ಆರಿಸಿ. ಅದರಿಂದಲೂ ಬಾರದಿದ್ದರೆ ಒನ್‌ಡ್ರೈವ್ ಕಡೆ ನೋಡಿ. ಹಲವು ಕಂಪ್ಯೂಟರ್‌ಗಳಲ್ಲಿ ಡೆಸ್ಕ್‌ಟಾಪ್ ಫೋಲ್ಡರ್ ಒನ್‌ಡ್ರೈವ್ ಒಳಕ್ಕೆ ಸೇರಿಕೊಂಡಿರುತ್ತದೆ. ಬ್ಯಾಕಪ್ ನಿಲ್ಲಿಸಿದಾಗ ಚಿತ್ರಗಳು ಒನ್‌ಡ್ರೈವ್‌ನೊಳಗಿನ ಡೆಸ್ಕ್‌ಟಾಪ್ ಫೋಲ್ಡರ್‌ನಲ್ಲೇ ಉಳಿದಿರುತ್ತವೆ, ಅಲ್ಲಿಂದ ಕಾಪಿ ಮಾಡಿಕೊಳ್ಳಬಹುದು.

ಹಳೆಯ ನೀಲಿ ‘ಇ’ ಗುರುತಿನ ಶಾರ್ಟ್‌ಕಟ್‌ಗಳು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕಾಲದವು. ಅದು 2022ರ ಜೂನ್‌ನಲ್ಲಿ ನಿವೃತ್ತಿಯಾಯಿತು. ಅವನ್ನು ಇಟ್ಟುಕೊಳ್ಳುವ ಬದಲು ಹೊಸದಾಗಿ ಮಾಡಿ.

ವಾಟ್ಸ್‌ಆ್ಯಪ್ ಅಥವಾ ಇಮೇಲ್‌ನಲ್ಲಿ ಯಾರಾದರೂ ಶಾರ್ಟ್‌ಕಟ್ ಫೈಲನ್ನೇ ಕಳಿಸಿದರೆ ತೆರೆಯಬೇಡಿ. ಹೊರಗಿನ ಹೆಸರು, ಚಿತ್ರ ಏನಿದ್ದರೂ ಒಳಗಿನ ವಿಳಾಸ ಬೇರೆ ಇರಬಹುದು. ಯಾರು ಬೇಕಾದರೂ ಹೆಸರು ಮತ್ತು ಚಿತ್ರ ಬದಲಿಸಬಹುದು ಎಂಬುದನ್ನು ಈಗಷ್ಟೇ ನಾವೇ ಮಾಡಿ ನೋಡಿದೆವಲ್ಲ. ಮೋಸಕ್ಕೆ ಸಿಕ್ಕಿ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ಅಪರಾಧದ ರಾಷ್ಟ್ರೀಯ ಸಹಾಯವಾಣಿ.

ಮಳೆಗಾಲದ ಮಾತು ಬೇರೆ. ಜುಲೈ, ಆಗಸ್ಟ್‌ನಲ್ಲಿ ನಮ್ಮ ಕಡೆ ಮರ ಬಿದ್ದು ತಂತಿ ಕಡಿದರೆ ದಿನಗಟ್ಟಲೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಆಗ ಶಾರ್ಟ್‌ಕಟ್ ಕೈಕೊಡುತ್ತದೆ. ಪಹಣಿಯಂಥ ಮುಖ್ಯ ಪುಟ ತೆರೆದಿದ್ದಾಗಲೇ ಕಂಟ್ರೋಲ್ ಮತ್ತು ಪಿ ಒತ್ತಿ, ಪ್ರಿಂಟರ್ ಜಾಗದಲ್ಲಿ ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿ ಡೆಸ್ಕ್‌ಟಾಪ್‌ಗೆ ಉಳಿಸಿಕೊಳ್ಳಿ. ಹೆಸರಿನ ಜೊತೆ ತಾರೀಕು ಸೇರಿಸಿ.

ಎಲ್ಲರಿಗೂ ಕಾಣುವಂತೆ, ಬೇರೆ ಕಂಪ್ಯೂಟರಿಗೆ, ಮೊಬೈಲಿಗೆ

ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಶಾಲೆಯ ಲ್ಯಾಬ್ ಇಂಥ ಕಡೆ ಒಂದೇ ಕಂಪ್ಯೂಟರಿಗೆ ಹಲವು ಬಳಕೆದಾರರಿರುತ್ತಾರೆ. ಎಲ್ಲರ ಡೆಸ್ಕ್‌ಟಾಪ್ ಮೇಲೂ ವಿದ್ಯಾರ್ಥಿವೇತನದ ತಾಣ, ಫಲಿತಾಂಶದ ತಾಣ ಕಾಣಬೇಕೆಂದರೆ ಶಾರ್ಟ್‌ಕಟ್‌ಗಳನ್ನು ಸಿ ಡ್ರೈವ್‌ನಲ್ಲಿ ಯೂಸರ್ಸ್, ಅದರೊಳಗೆ ಪಬ್ಲಿಕ್, ಅದರೊಳಗೆ ಡೆಸ್ಕ್‌ಟಾಪ್ ಫೋಲ್ಡರ್‌ಗೆ ಕಾಪಿ ಮಾಡಿ. ಈ ಫೋಲ್ಡರ್ ಮಾಮೂಲಿಯಾಗಿ ಅಡಗಿರುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ಮೇಲಿನ ಪಟ್ಟಿಯಲ್ಲಿ ಹಾದಿಯನ್ನು ಟೈಪ್ ಮಾಡಿ ಹೋಗಬೇಕು, ಅಡ್ಮಿನ್ ಅನುಮತಿಯೂ ಬೇಕು.

ಆ್ಯಪಲ್ ಕಂಪ್ಯೂಟರಿನ ಸಫಾರಿಯಲ್ಲಿ ವಿಳಾಸವನ್ನೇ ಹಿಡಿದು ಡೆಸ್ಕ್‌ಟಾಪ್‌ಗೆ ಎಳೆದರೆ ಸಾಕು. 2023ರ ಸೊನೋಮಾ ಆವೃತ್ತಿಯಿಂದ ‘ಫೈಲ್’ ಮೆನುವಿನಲ್ಲಿ ‘ಆ್ಯಡ್ ಟು ಡಾಕ್’ ಕೂಡ ಇದೆ. ಆಂಡ್ರಾಯ್ಡ್ ಮೊಬೈಲಿನ ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ ‘ಆ್ಯಡ್ ಟು ಹೋಮ್ ಸ್ಕ್ರೀನ್’. ಐಫೋನ್‌ನಲ್ಲಿ ಅದೇ ಆಯ್ಕೆ ಶೇರ್ ಗುಂಡಿಯೊಳಗಿದೆ.

ಹೊಸ ಕಂಪ್ಯೂಟರಿಗೆ ಹೋಗುವಾಗ ಎಳೆದು ಅಥವಾ ಬರೆದು ಮಾಡಿದ ಶಾರ್ಟ್‌ಕಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಬಹುದು, ಅವು ಎಲ್ಲಿ ಹಾಕಿದರೂ ನಡೆಯುತ್ತವೆ. ಕ್ರೋಮ್, ಎಡ್ಜ್ ಒಳಗಿನಿಂದ ಮಾಡಿದವು ಹಾಗಲ್ಲ, ಆ ಕಂಪ್ಯೂಟರಿನ ಬ್ರೌಸರ್‌ಗೇ ಅಂಟಿಕೊಂಡಿರುವುದರಿಂದ ಹೊಸ ಜಾಗದಲ್ಲಿ ಮತ್ತೆ ಮಾಡಬೇಕು. ದೊಡ್ಡಪ್ಪನ ಐದು ಚಿತ್ರಗಳ ಒಂದು ಪ್ರತಿಯನ್ನು ನಾನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದೇನೆ. ಪಕ್ಕದ ತೋಟದವರು ತಮಗೂ ಬೇಕೆಂದು ಕೇಳಿದ್ದಾರೆ. ಅವರ ಪಹಣಿಯ ಹೆಸರಿಗೆ ಸರ್ವೆ ನಂಬರ್ ಬದಲಿಸಿಕೊಟ್ಟರೆ ಆಯಿತು.